ರೈಸ್ ಮಿಲ್ಲಿನಲ್ಲಿ ಝಂಪೆ ತಾಳ

ನಮ್ಮ ಮನೆಯಲ್ಲಿ ದಿನಕ್ಕೊಮ್ಮೆಯಾದರೂ ಕಳೆದುಹೋಗುವ ವಸ್ತುವೆಂದರೆ ನನ್ನ ಅತ್ತೆಯವರ ಕಿವಿ ಮಿಷನ್ನು. ಕಡಲೆಕಾಳಿಗಿಂತ ತುಸು ದಪ್ಪಗಿರುವ ಅದು ಇವತ್ತು ಬೆಳಿಗ್ಗೆ ಇಂಗಿನ ಡಬ್ಬಿಯಲ್ಲಿ ಸಿಕ್ಕಿತು. ಹೋದ ವಾರ ದೇವರ ಮನೆಯಲ್ಲಿ, ಹೂಬತ್ತಿಗಳ ನಡುವೆ ಇತ್ತು. ಅತ್ತೆಯವರನ್ನು ಕೇಳಿದರೆ, "ನಾನೇನು ಬೇಕಂತ ಬಿಸಾಡ್ತೀನೇನು? ಅದಕ್ಕೇ ನನ್ನ ಕಿವಿ ಬ್ಯಾಸರಾಗ್ಯದ" ಎನ್ನುತ್ತಾರೆ. ಅದನ್ನು ಹಾಕಿಕೊಂಡರೆ ತಂಬೂರಿಯ ನಾದ ತಗಡಿನ ಮೇಲೆ ಗಜ್ಜುಗ ಸುರಿದ ಹಾಗೆ ಕೇಳುತ್ತದಂತೆ, ನನ್ನ ಮಾತು ಮಾತ್ರ ಸ್ಪಷ್ಟವಾಗಿ ಕೇಳುತ್ತದಂತೆ. ಈ ಎರಡೂ ಕಾರಣಕ್ಕೆ ಅವರು ಅದನ್ನು ತೆಗೆದಿಡುತ್ತಾರೆ ಎಂಬುದು ನನ್ನ ಗಂಡನ ಸಂಶೋಧನೆ.

ಇಂಗಿನ ವಾಸನೆ ಹೋಗಲೆಂದು ಆ ಯಂತ್ರವನ್ನು ಒರೆಸುತ್ತಾ ಕೂತವಳಿಗೆ ಹೋದ ವರ್ಷದ ಕಂಪ್ಲಿಯ ರೈಸ್ ಮಿಲ್ಲು ನೆನಪಾಯಿತು. ಕಿವಿ ಮಿಷನ್ನಿಗೂ ರೈಸ್ ಮಿಲ್ಲಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಹೇಳುತ್ತೇನೆ, ಆದರೆ ಸ್ವಲ್ಪ ಸುತ್ತಿ ಬರಬೇಕಾಗುತ್ತದೆ. ನೇರವಾಗಿ ಹೇಳುವ ಅಭ್ಯಾಸ ನನಗೆ ತರಗತಿಯಲ್ಲಿ ಮಾತ್ರ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು.

ಸಂಗೀತದ ವಿಷಯದಲ್ಲಿ ನಾನು ಕಲ್ಲು. ಹುಟ್ಟಿ ಬೆಳೆದದ್ದು ಸಂಡೂರಿನ ಹತ್ತಿರದ ಯಶವಂತನಗರದಲ್ಲಿ. ಅಪ್ಪ ಗಣಿಯ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ನಮ್ಮೂರಿನಲ್ಲಿ ಬೆಳಗಿನ ಸುಪ್ರಭಾತವೆಂದರೆ ಅದಿರಿನ ಲಾರಿಗಳ ಹಾರ್ನು. ಒಗೆದು ಹರವಿದ ಬಿಳಿ ಬಟ್ಟೆ ಒಣಗುವಷ್ಟರಲ್ಲಿ ಕೆಂಪಾಗುತ್ತಿತ್ತು. ಶಾಲೆಗೆ ಹೋಗುವ ಕಂಪನಿ ಬಸ್ಸಿನ ಕಿಟಕಿ ಗಾಜುಗಳು ಗಡಗಡ ಎನ್ನುತ್ತಿದ್ದದ್ದೇ ನಾನು ಕೇಳಿದ ಪಕ್ಕವಾದ್ಯ. ಇಂಥ ನನ್ನನ್ನು ನೋಡಲು ಹೊಸಪೇಟೆಯಿಂದ ಗಂಡಿನ ಕಡೆಯವರು ಬಂದಾಗ, ಹುಡುಗನ ತಾಯಿ ಊರಿಗೇ ಹೆಸರಾದ ಸಂಗೀತ ಟೀಚರ್ ಎಂದು ತಿಳಿದು ಅಮ್ಮ ದೇವರಿಗೆ ಮುಡಿಪು ಕಟ್ಟಿದಳು.

"ಏನಾರೆ ಹಾಡ್ತೀಯೇನವಾ?" ಎಂದು ಅತ್ತೆಯವರು ಕೇಳಿದರು.

"ಇಲ್ರಿ. ನಾ ಹಾಡಿದ್ರ ನೀವು ಎದ್ದು ಹೋಗ್ತೀರಿ" ಎಂದೆ.

ಅಮ್ಮ ಒಳಗಿನಿಂದ ತಲೆ ಚಚ್ಚಿಕೊಂಡಳು. ಅತ್ತೆಯವರು ಮಾತ್ರ ಜೋರಾಗಿ ನಕ್ಕು, "ಖರೇ ಹೇಳ್ತಾಳ ಹುಡುಗಿ. ಇವಳೇ ಇರಲಿ. ಮನ್ಯಾಗ ಕೇಳೋರೂ ಒಬ್ಬರು ಬೇಕಲ್ಲ" ಎಂದರು. ಹಾಗೆ ನಾನು ಆ ಮನೆಗೆ ಕೇಳುವವಳಾಗಿ ಸೇರಿದೆ. ಆದರೆ ಕೇಳುವುದಕ್ಕೂ ಕಿವಿ ಬೇಕಲ್ಲ! ಮೋಹನವೋ ಕಾಂಬೋಧಿಯೋ, ನನಗೆ ಇವತ್ತಿಗೂ ಎಲ್ಲ ಒಂದೇ.

ಕಾಲುವೆಯ ಪಕ್ಕದ ನಮ್ಮ ಮನೆಯ ಪಡಸಾಲೆಯಲ್ಲಿ ಬೆಳಿಗ್ಗೆ ಒಂದು ತಂಡ, ಸಂಜೆ ಎರಡು ತಂಡ ಮಕ್ಕಳು ಸರಳೆ ವರಸೆ ಹಾಡುತ್ತಿದ್ದರು. ಅತ್ತೆಯವರಿಗೆ ಅಡುಗೆಮನೆಯಲ್ಲಿ ಕುಳಿತೇ ಪಡಸಾಲೆಯ ತಪ್ಪು ಕೇಳುತ್ತಿತ್ತು. ಒಗ್ಗರಣೆ ಚಟಪಟ ಎನ್ನುತ್ತಿರುವಾಗಲೇ, "ಏ ಎರಡನೇ ಸಾಲಿನ ಕಡೇಕಿನಾಕಿ, ನಿಷಾದ ಇಳಿಸಬ್ಯಾಡ!" ಎಂದು ಕೂಗುತ್ತಿದ್ದರು. ಆ ಹುಡುಗಿ ಬೆಚ್ಚಿ ನಿಷಾದವನ್ನು ಮೇಲಕ್ಕೆತ್ತುತ್ತಿದ್ದಳು. ನಾನು ಬೆಚ್ಚಿ ಉಪ್ಪು ಎರಡು ಸಲ ಹಾಕುತ್ತಿದ್ದೆ.

ಅಂಥ ಕಿವಿ ನಿಧಾನವಾಗಿ ಮಂದವಾಯಿತು. ಮೊದಲು ಕುಕ್ಕರಿನ ಸೀಟಿ ಹೋಯಿತು, ಆಮೇಲೆ ಫೋನಿನ ರಿಂಗು. ಪಾಠ ಮಾತ್ರ ನಡೆದೇ ಇತ್ತು. ಒಂದು ಸಂಜೆ ಪುಟ್ಟ ಹುಡುಗಿಯೊಬ್ಬಳು ಗೀತೆ ಹಾಡುತ್ತಾ ಎಲ್ಲೋ ಜಾರಿದಳು. ಉಳಿದ ಮಕ್ಕಳು ಕಿಸಕ್ಕೆಂದು ನಕ್ಕರು. ಅತ್ತೆಯವರು ತಾಳ ಹಾಕುತ್ತಲೇ ಇದ್ದು, ಮುಗಿದ ಮೇಲೆ "ಶಭಾಷ್" ಎಂದರು. ನಗು ಇನ್ನೂ ಜೋರಾಯಿತು. ಆಗ ಅವರು ಒಂದೊಂದೇ ಮಗುವಿನ ಮುಖ ನೋಡಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಮುಖವನ್ನೂ ನೋಡಿದರು. ಮಕ್ಕಳಿಗೆಲ್ಲ ಕಲ್ಲುಸಕ್ಕರೆ ಕೊಟ್ಟು ಕಳಿಸಿದರು. ಮರುದಿನ ತಂಬೂರಿಗೆ ಗವಸು ಹಾಕಿ ಕಟ್ಟಿ, ಪಾಠ ನಿಂತಿತೆಂದು ಎಲ್ಲರ ಮನೆಗೂ ಹೇಳಿಕಳಿಸಿದರು.

ಆಮೇಲೆ ಅವರು ಹಾಡಲೇ ಇಲ್ಲ. ಗುನುಗಲೂ ಇಲ್ಲ. ಕಿವಿ ಮಿಷನ್ನು ಬಂದಮೇಲೂ ಶ್ರುತಿ ತಿರುಗಿ ಬರಲಿಲ್ಲ. ದೇವರಿಗೆ ಮಂಗಳಾರತಿ ಎತ್ತುವಾಗಲೂ ತುಟಿ ಮಾತ್ರ ಅಲ್ಲಾಡುತ್ತಿತ್ತು. "ಶ್ರುತಿ ಕೇಳದವರು ಹಾಡಬಾರದು" ಎಂದು ಒಮ್ಮೆ ಹೇಳಿದರು, ಅಷ್ಟೆ. ವರ್ಷಗಟ್ಟಲೆ ಗಲಾಟೆಯಿಂದ ಗೋಳಾಡಿದ್ದ ನನಗೆ, ಆ ಪಡಸಾಲೆಯ ಮೌನದಲ್ಲಿ ಊಟ ಸೇರದಾಯಿತು. ಕಲ್ಲಿಗೂ ಅಭ್ಯಾಸ ಎಂಬುದೊಂದು ಇರುತ್ತದೆ, ನೋಡಿ.

ಈಗ ನನ್ನ ಮಗಳು ವಾಣಿಯ ವಿಷಯಕ್ಕೆ ಬರುತ್ತೇನೆ. ಹೊಸಪೇಟೆಯಲ್ಲಿ ಅವಳು ಹಲ್ಲಿನ ಡಾಕ್ಟರು. ಅಜ್ಜಿಯ ಹತ್ತಿರ ವರ್ಣದವರೆಗೆ ಕಲಿತವಳು, ಕಾಲೇಜಿನಲ್ಲಿದ್ದಾಗ ಎಲೆಕ್ಟ್ರಿಕ್ ಗಿಟಾರು ಹಿಡಿದಳು. ಹಗಲೆಲ್ಲ ಜನರ ಬಾಯಿಯಲ್ಲಿ ಡ್ರಿಲ್ಲು ತಿರುಗಿಸಿ, ಭಾನುವಾರ ಬಂತೆಂದರೆ ಗಿಟಾರು ಬೆನ್ನಿಗೇರಿಸಿ ಕಂಪ್ಲಿಗೆ ಹೋಗುತ್ತಿದ್ದಳು. ಅಲ್ಲಿ ಅವಳ ಸ್ನೇಹಿತ ಬಸವರಾಜನದು ಮನೆತನದ ರೈಸ್ ಮಿಲ್ಲು. ಅವನು ದಪ್ಪ ನಾದದ ಬೇಸ್ ಗಿಟಾರು ನುಡಿಸುತ್ತಾನೆ. ಮೂರನೆಯವನು ಡೇವಿಡ್. ದೋಣಿಮಲೈಯ ಕಂಪನಿ ಕ್ವಾರ್ಟರ್ಸಿನಲ್ಲಿ ಬೆಳೆದು, ಚರ್ಚಿನಲ್ಲಿ ಡ್ರಮ್ಸ್ ಕಲಿತವನು. ಕಂಪ್ಯೂಟರಿನಲ್ಲಿ ಧ್ವನಿಮುದ್ರಣ ಮಾಡುವ ವಿದ್ಯೆಯೂ ಅವನದೇ. ಸುಗ್ಗಿಗೆ ಮೊದಲು ಮಿಲ್ಲು ಖಾಲಿ ಇರುವಾಗ, ಎಷ್ಟೇ ಬಾರಿಸಿದರೂ ಕೇಳುವವರಿಲ್ಲವೆಂದು ಮೂವರೂ ಅಲ್ಲಿ ಸೇರಿ ಒಂದು ಆಲ್ಬಮ್ಮು ಮಾಡುತ್ತಿದ್ದರು.

"ಪ್ರೋಗ್ರೆಸಿವ್ ರಾಕ್ ಅಂತಮ್ಮಾ" ಎಂದು ವಾಣಿ ನನಗೆ ವಿವರಿಸಿದಳು. "ಒಂದೊಂದು ಹಾಡು ಭಾಳ ಉದ್ದ ಇರ್ತದ. ನಡುವೆ ನಡೆ ಬದಲಾಗ್ತದ, ತಾಳ ಬದಲಾಗ್ತದ, ಒಬ್ಬೊಬ್ಬರೇ ತಮ್ಮ ಕೈಚಳಕ ತೋರಿಸ್ತಾರ, ಆಮೇಲೆ ಎಲ್ಲಾರೂ ಮೊದಲಿನ ಸಾಲಿಗೇ ಬಂದು ಕೂಡ್ತಾರ."

"ನಿಮ್ಮಜ್ಜಿ ಪಲ್ಲವಿ ಹಾಡಿದ್ರೂ ಹಂಗೇ ಇರ್ತಿತ್ತಲ್ಲೇ?" ಎಂದೆ.

"ಅದಕ್ಕೇ ಅಮ್ಮಾ. ನಾವು ಮಾಡಾಕತ್ತಿರೋದು ಅಜ್ಜಿ ಕಲಿಸಿದ್ದನ್ನೇ. ಅಲಂಕಾರ, ಗೀತೆ, ವರ್ಣ, ಎಲ್ಲಾ. ಆದ್ರ ಅಜ್ಜಿಗೆ ಹೇಳಬ್ಯಾಡ. ಡ್ರಮ್ಸ್ ಹಾಕಿ ಮಾಯಾಮಾಳವಗೌಳ ರಾಗ ಬಾರಿಸ್ತೀವಿ ಅಂದ್ರ ಎದಿ ಒಡಕೋತಾಳ."

ಹಾಡಲಾರದೆ ಕೂತಿರುವ ಮುದುಕಿಗೆ, ನಿನ್ನ ಸಂಗೀತವನ್ನು ನಾವು ಹೀಗೆ ಮಾಡಿದ್ದೇವೆಂದು ಯಾವ ಬಾಯಿಂದ ಹೇಳುವುದು? ನಾನೂ ಸುಮ್ಮನಾದೆ. ಭಾನುವಾರ ಅತ್ತೆಯವರು "ವಾಣಿ ಎಲ್ಲಿ?" ಎಂದು ಕೇಳಿದಾಗಲೆಲ್ಲ "ಕಂಪ್ಲ್ಯಾಗ ಹಲ್ಲಿನ ಕ್ಯಾಂಪು" ಎನ್ನುತ್ತಿದ್ದೆ. "ಕಂಪ್ಲಿ ಮಂದಿ ಹಲ್ಲು ಅಷ್ಟು ಕೆಟ್ಟಾವೇನು?" ಎಂದು ಅವರು ಮರುಗುತ್ತಿದ್ದರು.

ಗುಟ್ಟು ರಟ್ಟಾದದ್ದು ಒಂದು ಸೀಮಂತದ ದೆಸೆಯಿಂದ. ಕಂಪ್ಲಿಯಾಚೆಯ ಮೆಟ್ರಿಯಲ್ಲಿ ಅತ್ತೆಯವರ ಹಳೆಯ ಶಿಷ್ಯೆಯೊಬ್ಬಳ ಮಗಳಿಗೆ ಸೀಮಂತ. ಊಟ ಮುಗಿಸಿಕೊಂಡು ನಾನು ಕಾರು ಓಡಿಸುತ್ತಾ, ಅತ್ತೆಯವರು ಪಕ್ಕದಲ್ಲಿ ತೂಕಡಿಸುತ್ತಾ ವಾಪಸು ಬರುತ್ತಿದ್ದೆವು. ಸ್ಕೂಟರು ಪಂಕ್ಚರ್ ಆಗಿದೆ, ಬರುವಾಗ ನನ್ನನ್ನೂ ಕರೆದುಕೊಂಡು ಹೋಗಿ ಎಂದು ವಾಣಿಯ ಫೋನು ಬಂತು. ಮಿಲ್ಲಿನ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ, ಅತ್ತೆಯವರನ್ನು ಕೂರಿಸಿ, ನಾನೊಬ್ಬಳೇ ಒಳಗೆ ಹೋಗಿ ಬರುವುದೆಂದು ಲೆಕ್ಕ ಹಾಕಿದ್ದೆ. ಆದರೆ ಬಸವರಾಜ ಮರ್ಯಾದಸ್ಥ ಹುಡುಗ. ನನ್ನನ್ನು ಕಂಡವನೇ ಓಡಿಬಂದು ಕಾರಿನ ಬಾಗಿಲು ತೆಗೆದ.

"ಅಜ್ಜಿನ್ನ ಬಿಸಲಾಗ ಕುಂದ್ರಿಸ್ತಾರೇನ್ರಿ? ಇಳೀರಿ ಅಜ್ಜಿ, ಒಳಗ ತಂಪೈತಿ. ನೀರರ ಕುಡೀರಿ."

ಕಣ್ಣು ಬಾಯಿ ಎಲ್ಲ ಉಪಯೋಗಿಸಿ ಬೇಡವೆಂದು ಸನ್ನೆ ಮಾಡಿದೆ. ಅವನು ನನಗೆ ಹಲ್ಲುನೋವೆಂದು ತಿಳಿದನೋ ಏನೋ, ಅತ್ತೆಯವರ ಕೈ ಹಿಡಿದು ಇಳಿಸಿಯೇ ಬಿಟ್ಟ.

ಧಾನ್ಯ ಇರುವ ಜಾಗವೆಂದು ಅತ್ತೆಯವರು ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ಒಳಗೆ ವಾಣಿ ಗಿಟಾರಿನಲ್ಲಿ ಒಂದೇ ಸಾಲನ್ನು ತಿರುತಿರುಗಿ ನುಡಿಸುತ್ತಿದ್ದಳು. ಅಜ್ಜಿಯನ್ನು ನೋಡಿದವಳೇ ಕೈ ನಿಲ್ಲಿಸಿ ಕಲ್ಲಾದಳು. ಡೇವಿಡ್ ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿ, ಕಣ್ಣು ಮುಚ್ಚಿ ಡ್ರಮ್ಸ್ ಬಡಿಯುತ್ತಲೇ ಇದ್ದ. ಕಂಪ್ಯೂಟರಿನಲ್ಲಿ ಮೊದಲೇ ತುಂಬಿದ್ದ ಬೇಸು, ಆಳೆತ್ತರದ ಸ್ಪೀಕರಿನಿಂದ ಗುಮ್ಮೆಂದು ಬರುತ್ತಿತ್ತು. ಮೂಟೆ ಪೇರಿಸುವ ಮರದ ಹಲಗೆಗಳನ್ನು ಜೋಡಿಸಿ ಅವರು ವೇದಿಕೆಯಂತೆ ಮಾಡಿಕೊಂಡಿದ್ದರು. ನೀರಿನ ಕೊಡದ ಕಡೆ ಹೊರಟ ಅತ್ತೆಯವರು ಆ ಹಲಗೆಯ ಮೇಲೆ ಕಾಲಿಟ್ಟರು.

ಇಟ್ಟವರು ನಿಂತುಬಿಟ್ಟರು. ತಮ್ಮ ಪಾದಗಳನ್ನು ನೋಡಿಕೊಂಡರು. ಆಮೇಲೆ ಬಲಗೈ ತಾನಾಗಿಯೇ ತೊಡೆಯ ಮೇಲೆ ಬಿತ್ತು. ಒಂದು ತಟ್ಟು, ಕಿರುಬೆರಳಿನಿಂದ ಎಣಿಕೆ, ಮತ್ತೆ ತಟ್ಟು.

"ಸರಿಗ ಸರಿ ಸರಿ ಗ ಮಾ" ಎಂದರು ಮೆಲ್ಲಗೆ. ಮತ್ತೆ ಜೋರಾಗಿ, "ಝಂಪೆ! ಇದು ಝಂಪೆ ತಾಳದ ಅಲಂಕಾರ! ವಾಣೀ, ಇದು ನಂದಲ್ಲೇನೇ?"

ನಾನು ಮನಸ್ಸಿನಲ್ಲೇ ಮಗಳ ಗಿಟಾರಿಗೆ ಎಳ್ಳುನೀರು ಬಿಟ್ಟೆ. ಬಸವರಾಜ ಓಡಿಹೋಗಿ ಡೇವಿಡ್ಡನ ಭುಜ ಅಲುಗಾಡಿಸಿ ನಿಲ್ಲಿಸಿದ. ನಿಲ್ಲಿಸಿದ್ದಕ್ಕೇ ಅತ್ತೆಯವರಿಗೆ ಸಿಟ್ಟು ಬಂತು.

"ಯಾಕ ನಿಲ್ಲಿಸಿದ್ರಿ? ಬಾರಸ್ರಿ! ನನಗ ಕೇಳ್ತದ. ಅಂಗಾಲಿನಾಗ ಕೇಳ್ತದ."

ವಿಜ್ಞಾನ ಟೀಚರಾದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ವಯಸ್ಸಾದ ಕಿವಿಗೆ ಮೊದಲು ಕೈಕೊಡುವುದು ಸಣ್ಣ, ಚೂಪು ಸ್ವರಗಳು. ದಪ್ಪ ನಾದ ಉಳಿದಿರುತ್ತದೆ, ಕಿವಿಗೆ ತಲುಪದಿದ್ದರೆ ಹಲಗೆಯ ಮೂಲಕ ಮೈಗೆ ಏರುತ್ತದೆ. ಒಂಬತ್ತನೇ ತರಗತಿಗೆ ಪ್ರತಿ ವರ್ಷ ಕಂಪನದ ಪಾಠ ಮಾಡುವವಳು ನಾನು. ಮನೆಯಲ್ಲಿ ಅತ್ತೆ ಮೂಕಿಯಂತೆ ಕೂತಿದ್ದರೂ ಅದು ನನ್ನ ತಲೆಗೆ ಬರಲಿಲ್ಲ.

ಮೂವರೂ ಮತ್ತೆ ಶುರುಮಾಡಿದರು. ಅತ್ತೆಯವರು ಹಲಗೆಯ ಮೇಲೆ ಕಾಲು ಚಾಚಿ ಕೂತು, ಎರಡು ಸುತ್ತು ಕೇಳಿ ಕೈ ಎತ್ತಿದರು.

"ಏ ತಮ್ಮಾ, ನಿನ್ನ ಹೆಸರೇನೋ?"

"ಡೇವಿಡ್, ಅಜ್ಜಿ."

"ಕೊನೀಗೆ 'ಮಾ' ಅನ್ನೋದು ಎರಡಕ್ಷರ ಅದ. ಎರಡನೇ ಸುತ್ತಿನಾಗ ನೀ ಒಂದು ಅಕ್ಷರ ನುಂಗಿದಿ."

"ಬೇಕಂತಲೇ ನುಂಗಿದ್ದು ಅಜ್ಜಿ" ಎಂದ ಡೇವಿಡ್. "ಹಂಗ ಮಾಡಿದ್ರ ಕೇಳೋರಿಗೆ ಸಡನ್ನಾಗಿ ಮೆಟ್ಟಿಲು ತಪ್ಪಿದಂಗ ಅನಿಸ್ತದ. ರಾಕ್ ಒಳಗ ಅದು ಮಸ್ತ್ ಇರ್ತದ."

ವಾಣಿ ಅವನಿಗೆ ಕಣ್ಣಿನಲ್ಲೇ ಬೈದಳು. ಅವನ ಮಾತನ್ನು ನಾನು ಕಿವಿಯ ಹತ್ತಿರ ಕೂಗಿ ತಲುಪಿಸಿದೆ. ಅತ್ತೆಯವರು ಗಂಭೀರವಾಗಿ ಯೋಚಿಸಿದರು.

"ನುಂಗು, ಬ್ಯಾಡ ಅನ್ನಂಗಿಲ್ಲ. ಆದ್ರ ನುಂಗಿದ್ದು ಮುಂದ ಎಲ್ಯಾರೆ ಉಗುಳಬೇಕು. ನಾಲ್ಕನೇ ಸುತ್ತಿನಾಗ 'ಮಾ' ಮೂರಕ್ಷರ ಹಿಡಿ. ಲೆಕ್ಕ ಚುಕ್ತಾ."

ಡೇವಿಡ್ ಕೋಲುಗಳಿಂದ ತೊಡೆಯ ಮೇಲೆ ಹಾಗೇ ಬಾರಿಸಿ ನೋಡಿದ. ಮತ್ತೊಮ್ಮೆ ಬಾರಿಸಿದ. "ಅಯ್ಯೋ ಬಸ್ಯಾ" ಎಂದು ಕೂಗಿಕೊಂಡ, "ಇದು ಇನ್ನೂ ಚಲೋ ಕೂಡ್ತದಲೇ!"

ಹಿಂದಿರುಗುವಾಗ ಕಮಲಾಪುರದ ಕೆರೆಯ ಹತ್ತಿರ ಅತ್ತೆಯವರು ಕಿಟಕಿಯ ಕಡೆ ನೋಡುತ್ತಲೇ ಹೇಳಿದರು: "ನಾ ಮನ್ಯಾಗ ಕಿವುಡಿ ಆಗಿ ಕೂತಿದ್ದೆ. ನೀವು ಇಲ್ಲಿ ಸಂಗೀತ ಬಚ್ಚಿಟ್ಕೊಂಡಿದ್ರಿ." ಹಿಂದಿನ ಸೀಟಿನಲ್ಲಿ ವಾಣಿ ಅಳತೊಡಗಿದಳು. ಅವರಿಗೆ ಅದು ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ತಾವೇ, "ಮುಂದಿನ ಐತವಾರ ಎಷ್ಟೊತ್ತಿಗೆ ಹೊರಡೋದು?" ಎಂದರು.

ಅಲ್ಲಿಂದ ಮುಂದೆ ಭಾನುವಾರಗಳ ಸೊಗಸೇ ಬೇರೆ. ಹಂಪಿಗೆ ಹೊರಟ ಪ್ರವಾಸಿಗರ ಆಟೋಗಳನ್ನು ದಾಟಿಕೊಂಡು, ಕಬ್ಬಿನ ಗದ್ದೆ, ಬಾಳೆ ತೋಟಗಳ ನಡುವೆ ನಮ್ಮ ಸವಾರಿ. ಜೀವಮಾನದಲ್ಲಿ ಅಂಗಡಿಯ ತಿಂಡಿ ಮುಟ್ಟದ ಅತ್ತೆಯವರು ಒಂದು ದಿನ ಬಸವರಾಜ ತರಿಸಿದ ಒಗ್ಗರಣೆ ಮಂಡಕ್ಕಿ ಮಿರ್ಚಿಯ ಪೊಟ್ಟಣವನ್ನು ಬಹಳ ಹೊತ್ತು ನೋಡಿ, "ಉಳ್ಳಾಗಡ್ಡಿ ಹಾಕ್ಯಾರೇನು?" ಎಂದು ಕೇಳಿದರು. "ಇಲ್ರಿ ಅಜ್ಜಿ, ನಿಮ್ಮ ಸಲವಾಗಿ ಬ್ಯಾರೆ ಮಾಡ್ಸೇನಿ" ಎಂದ ಬಸವರಾಜ. ಒಂದು ಮಿರ್ಚಿ ಬಾಯಿಗೆ ಹೋಯಿತು. ಇನ್ನೊಂದು ನನ್ನ ಕಣ್ಣು ತಪ್ಪಿಸಿ ಹೋಯಿತು. ನನ್ನ ಗಂಡ, ಡ್ಯಾಮಿನ ಕಚೇರಿಯಲ್ಲಿ ಇಡೀ ನದಿಯ ನೀರಿನ ಮಟ್ಟ ಬರೆದಿಡುವ ಮಹಾಶಯರು, ಈ ಸುದ್ದಿಯನ್ನು ಮಾತ್ರ ಕೊನೆಯವರೆಗೂ ನಂಬಲಿಲ್ಲ.

ಅತ್ತೆಯವರಿಗೆ ಎಲ್ಲವೂ ಇಷ್ಟವಾಗುತ್ತಿತ್ತೆಂದಲ್ಲ. ವರ್ಣದ ನಡುವೆ ವಾಣಿ ಗಿಟಾರನ್ನು ಕೀರಲಾಗಿ ಅರಚಿಸುವ ಭಾಗವೊಂದಿತ್ತು. ಅತ್ತೆಯವರಿಗೆ ಅದು ಕೇಳದೇ ಇದ್ದದ್ದು ದೇವರ ದಯೆ. ಆದರೆ ಮೊಮ್ಮಗಳ ಮುಖದ ಭಂಗಿ ಕಾಣುತ್ತಿತ್ತಲ್ಲ. "ಹಲ್ಲು ಕೀಳಿಸ್ಕೊಳ್ಳೋರು ಮಾಡೋ ಮಾರಿ ಇಕಿ ಯಾಕ ಮಾಡ್ತಾಳ?" ಎಂದು ನನ್ನನ್ನು ಕೇಳಿದರು.

ಹೊಸ ಭತ್ತ ಬರುವ ಹೊತ್ತಾಯಿತು. ಲಾರಿಗಳು ಬರತೊಡಗಿದರೆ ಮಿಲ್ಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಆ ಭಾನುವಾರವೇ ಕೊನೆ ಎಂದು ಬಸವರಾಜ ಹೇಳಿದ. ಉಳಿದದ್ದು ಕೊನೆಯ ಹಾಡೊಂದೇ. ಅದು ಉಗಾಭೋಗ. ತಾಳವಿಲ್ಲದೆ, ಉಸಿರು ಹೋದಷ್ಟು ದೂರ ರಾಗದಲ್ಲಿ ಹಾಡಿಕೊಂಡು ಹೋಗುವ ಬಗೆ. ವಾಣಿ ಅದನ್ನು ಗಿಟಾರಿನಲ್ಲಿ ನುಡಿಸುವುದೆಂದು ಮಾತಾಗಿತ್ತು. ಅವತ್ತು ಅವಳು ಗಿಟಾರು ಕೆಳಗಿಟ್ಟು ಅಜ್ಜಿಯ ಮುಂದೆ ಕೂತಳು.

"ಅಜ್ಜಿ, ನೀ ಹಾಡು."

"ಹುಚ್ಚಿ. ಶ್ರುತಿ ಕೇಳದೆ ಹೆಂಗ ಹಾಡ್ಲಿ?"

"ತಪ್ಪಿದ್ರ ತಪ್ಪಲಿ."

"ತಪ್ಪಿದ್ದು ನನಗ ಗೊತ್ತಾಗಂಗಿಲ್ಲಲ್ಲ, ಅದೇ ಸಂಕಟ" ಎಂದರು. ಆ ಮಾತು ಹೇಳುವಾಗ ಅವರು ಯಾರ ಮುಖವನ್ನೂ ನೋಡಲಿಲ್ಲ.

ಬಸವರಾಜ ಬೇಸ್ ಗಿಟಾರು ತೆಗೆದುಕೊಂಡು ಒಂದೇ ತಂತಿಯನ್ನು ಮೀಟಿದ. ಅದು ಕ್ಷೀಣಿಸುವ ಮೊದಲೇ ಮತ್ತೆ ಮೀಟಿದ. ಅತ್ತೆಯವರು ಕೂತಲ್ಲೇ ಸರಿದು ಸ್ಪೀಕರಿನ ಮರದ ಮೈಮೇಲೆ ಅಂಗೈ ಇಟ್ಟರು. "ಇದು ಷಡ್ಜ ಏನೋ?" "ಹೌದ್ರಿ ಅಜ್ಜಿ." "ಹಿಡಿ ಹಂಗೇ." ಬಹಳ ಹೊತ್ತು ಅವನು ಹಿಡಿದ. ಹೊರಗೆ ಬೇವಿನ ಮರದಲ್ಲಿ ಗಿಣಿಗಳ ಗದ್ದಲ, ಒಳಗೆ ಆ ಒಂದೇ ನಾದ. ಅತ್ತೆಯವರು ಕಣ್ಣು ಮುಚ್ಚಿದರು, ಬಾಯಿ ತೆರೆದರು, ಮತ್ತೆ ಮುಚ್ಚಿದರು. ಎರಡನೆಯ ಸಲ ತೆರೆದಾಗ ದನಿ ಬಂತು.

ಒಡೆದ ದನಿ. ಅಂಚುಗಳೆಲ್ಲ ಸವೆದಿದ್ದವು. ಆದರೆ ಅದು ಅವರದೇ. ಪಡಸಾಲೆಯಿಂದ ಅಡುಗೆಮನೆಗೆ ತೂರಿ ಬಂದು ನನ್ನ ಉಪ್ಪಿನ ಲೆಕ್ಕ ತಪ್ಪಿಸುತ್ತಿದ್ದ ದನಿ. ರಾಗ ಯಾವುದೆಂದು ಕೇಳಬೇಡಿ. ನಾನು ಕಣ್ಣೊರೆಸಿಕೊಳ್ಳುತ್ತಿದ್ದೆ. ಒರೆಸಿಕೊಳ್ಳುತ್ತಲೇ ಕಂಡದ್ದೆಂದರೆ, ನಡುವೆ ಒಮ್ಮೆ ವಾಣಿ ತಲೆಯೆತ್ತಿ ಬಸವರಾಜನನ್ನು ನೋಡಿದಳು. ಅವನೂ ಅವಳನ್ನು ನೋಡಿದ. ಅವನ ಎಡಗೈ ಗಿಟಾರಿನ ತುದಿಯ ಬಿರಡೆಗೆ ಹೋಗಿ, ಹೂವಿನ ಎಸಳು ಮುಟ್ಟಿದಷ್ಟು ಹಗುರವಾಗಿ ಅದನ್ನು ತಿರುಗಿಸಿತು. ಅತ್ತೆಯವರು ಹಾಡುತ್ತಲೇ ಇದ್ದರು.

ಮುಗಿದ ಮೇಲೆ ಡೇವಿಡ್ ಎದ್ದು ಬಂದು ಅತ್ತೆಯವರ ಕಾಲು ಮುಟ್ಟಿದ. ಕಾರಿನ ಹತ್ತಿರ ವಾಣಿ ನನ್ನನ್ನು ಪಕ್ಕಕ್ಕೆ ಕರೆದಳು. "ಅಮ್ಮಾ, ನಡುವೆ ಅಜ್ಜಿ ಶ್ರುತಿ ಇಳೀತು. ಅರ್ಧ ಸ್ವರ. ಬಸ್ಯಾ ಷಡ್ಜಾನೇ ಮೆಲ್ಲಗ ಇಳಿಸಿ ಅಜ್ಜಿ ಇದ್ದಲ್ಲಿಗೆ ಹೋದ. ಅಜ್ಜಿಗೆ ಹೇಳಬ್ಯಾಡ."

ಹೇಳುವುದೇನು, ಇಳಿದದ್ದು ನನಗೆ ಗೊತ್ತೇ ಆಗಿರಲಿಲ್ಲ.

ಕೆಲವು ದಿನಗಳ ನಂತರ ಡೇವಿಡ್ ಫೋನು ಮಾಡಿದ. ಉಗಾಭೋಗದಲ್ಲಿ ಇಳಿದದ್ದನ್ನು ಕಂಪ್ಯೂಟರಿನಲ್ಲಿ ಎತ್ತಿ ಸರಿಮಾಡಬಹುದು, ಯಾರಿಗೂ ತಿಳಿಯುವುದಿಲ್ಲ, ಮಾಡಲೇ ಎಂದು ವಾಣಿಯನ್ನು ಕೇಳುತ್ತಿದ್ದ. ಅವಳು ಪಿಸುಮಾತಿನಲ್ಲಿ ಉತ್ತರಿಸುತ್ತಿದ್ದದ್ದನ್ನು ಅತ್ತೆಯವರು ಮಂಚದ ಮೇಲಿಂದ ನೋಡುತ್ತಿದ್ದರು.

"ಏನಂತ ಅಂವ?" ಎಂದು ನನ್ನನ್ನು ಕೇಳಿದರು.

ಸುಳ್ಳು ಹೇಳಲು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು.

"ಶ್ರುತಿ ಸರಿ ಮಾಡ್ತೀನಿ ಅಂತಾನ, ಹೌದಲ್ಲ? ನಾ ಇಳಿದಿದ್ದೆ. ಗೊತ್ತದ ನನಗ."

ವಾಣಿಯ ಕೈಯಲ್ಲಿ ಫೋನು ಹಾಗೇ ನಿಂತಿತು. "ಹೆಂಗ ಗೊತ್ತಾತು ಅಜ್ಜಿ?" ಎಂದು ಕೂಗಿದಳು.

ಅತ್ತೆಯವರು ತಮ್ಮ ಅಂಗೈ ಬಿಡಿಸಿ ತೋರಿಸಿದರು. "ನಡುಕ ಬದಲಾತು. ನಾ ಇಳಿದ್ಮ್ಯಾಲೆ ಇದರ ಕೆಳಗ ಷಡ್ಜಾನೂ ಇಳೀತು. ಆವಾಗ ತಿಳೀತು. ನಿಲ್ಲಿಸಬೇಕು ಅಂದ್ಕೊಂಡೆ. ಆದ್ರ ಆ ಹುಡುಗ ನನ್ನ ಜೋಡಿ ಬಂದುಬಿಟ್ಟಿದ್ದ. ಬಂದವನನ್ನ ನಡುವೆ ಬಿಟ್ಟು ನಿಲ್ಲಿಸಲಿಕ್ಕೆ ಆಗ್ತದೇನು?" ಮೊಮ್ಮಗಳನ್ನು ನೋಡಿ ಹೇಳಿದರು: "ಶ್ರುತಿ ಬಿಡಬ್ಯಾಡ್ರಿ, ಶ್ರುತಿ ಬಿಡಬ್ಯಾಡ್ರಿ ಅಂತ ಇಷ್ಟು ವರ್ಷ ಹೊಡ್ಕೊಂಡೆ. ಶ್ರುತಿ ಬಿಟ್ಟವರನ್ನೂ ಬಿಡಬ್ಯಾಡ್ರಿ ಅಂತ ಒಮ್ಮಿನೂ ಕಲಿಸಲಿಲ್ಲ. ಅದನ್ನ ನೀವು ಎಲ್ಲಿ ಕಲಿತ್ರೇ?"

ವಾಣಿ ಅಜ್ಜಿಯ ಮಡಿಲಿನಲ್ಲಿ ಮುಖ ಇಟ್ಟುಬಿಟ್ಟಳು. ಫೋನಿನಲ್ಲಿ ಡೇವಿಡ್ "ಹಲೋ, ಹಲೋ, ಏನು ಮಾಡ್ಲಿ?" ಎನ್ನುತ್ತಲೇ ಇದ್ದ. ಅದನ್ನೆತ್ತಿಕೊಂಡು ನಾನೇ ಹೇಳಿದೆ: "ಏನೂ ಮುಟ್ಟಬ್ಯಾಡಪ್ಪಾ. ಹೆಂಗದೋ ಹಂಗೇ ಇರಲಿ."

ಸಂಗೀತದ ವಿಷಯದಲ್ಲಿ ನಾನು ಕೊಟ್ಟ ತೀರ್ಪು ಅದೊಂದೇ. ಅತ್ತೆಯವರು ತಲೆದೂಗಿದರು.